ಪಾತಾಳಗರಡಿ

ಗುಡಿಬಂಡೆ ಸುತ್ತಿನಲ್ಲಿ ಬಾವಿಗೆ ಕೊಡ ಬಿದ್ದರೆ
ಮೊದಲು ಅಕ್ಕಯ್ಯಮ್ಮನ ಪಾತಾಳಗರಡಿ.
ಒಂದು ಚೊಂಬು ಒತ್ತೆಯಿಟ್ಟು ತರಬೇಕು
ಆ ಕೊಕ್ಕೆಗಳ ಗೊಂಚಲನ್ನು.
ಅದಕ್ಕೂ ಸಿಗದಿದ್ದರೆ ನಾನು.

ನನಗೆ ಒತ್ತೆ ಬೇಡ, ಎರಡು ಬೀಡಿ ಸಾಕು.
ಉಸಿರು ಕಟ್ಟಿ ತಲೆಕೆಳಗಾಗಿ ಇಳಿದರೆ
ಮೂರಾಳು ನೀರಿನಡಿ ಕತ್ತಲೆ,
ಅಲ್ಲಿ ಕೈಯೇ ಕಣ್ಣು.
ಬಿಂದಿಗೆ, ರಾಟೆ, ಐದು ಎಚ್‌ಪಿ ಮೋಟಾರು,
ವೆಂಕಟರೋಣಪ್ಪನ ಮಗಳ ಒಂಟಿ ಗೆಜ್ಜೆ,
ಇನ್ನೊಂದು ಸಲ... ಬೇಡ, ಅದನ್ನು ಹೇಳುವುದಿಲ್ಲ.
ಬರಿಗೈಲಿ ಮೇಲೆ ಬಂದವನಲ್ಲ.

ಈಗ ಬಾವಿಗಳಲ್ಲಿ ಪಾರಿವಾಳ ಮರಿ ಮಾಡಿವೆ.
ನಾನು ಬಸ್ ಸ್ಟ್ಯಾಂಡಿನ ಹಿಂದೆ
ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತೇನೆ.
ಮೆಕ್ಯಾನಿಕ್ಕುಗಳ ಸಂಘ ಈ ಸಲ ತಿರುಪತಿ ಬಿಟ್ಟು
ಕಡಲಿಗೆ ಹೊರಟಿತು, ಟೆಂಪೋದಲ್ಲಿ ಹನ್ನೊಂದು ಜನ,
ಘಟ್ಟದಲ್ಲಿ ಇಬ್ಬರಿಗೆ ವಾಂತಿ.

ಹೊನ್ನಾವರದಲ್ಲಿ ಕಾಂಡ್ಲಾ ಕಾಡು.
ಹಲಗೆಯ ಮೇಲೇ ನಡೆಯಬೇಕು, ಇಳಿಯುವಂತಿಲ್ಲ.
ಇಳಿತದ ಹೊತ್ತು. ಕೆಸರಿನ ತುಂಬ
ಪೆನ್ಸಿಲಿನಂತೆ ಮೊಳೆತು ನಿಂತ ಬೇರು,
ಆಕಾಶದ ಕಡೆ ಬೆಳೆವ ಬೇರು!
"ಕೆಸರಲ್ಲಿ ಉಸುರು ಸಿಕ್ಕೂದಿಲ್ಲ, ಅದ್ಕೇ ಮೂಗು ಮೇಲೆ"
ಅಂದ ಕಾವಲುಗಾರ.
ದಿನಕ್ಕೆ ನೂರು ಸಲ ಹೇಳಿದ ಮಾತು, ಆದರೂ ಮೆತ್ತಗೆ,
ಮಲಗಿದವರ ಪಕ್ಕ ಹೇಳುವ ಹಾಗೆ.
ನಾನು ಉಸಿರು ಕಟ್ಟಿದ್ದೆ, ಗೊತ್ತಿಲ್ಲದೆ.

ಮಾರನೆ ದಿನ ದೋಣಿ, ದ್ವೀಪ, ಬೆನ್ನಿಗೆ ಸಿಲಿಂಡರು.
ಮಾದೇವ ಹರಿಕಂತ್ರ ಎರಡೇ ಮಾತು ಹೇಳಿದ:
"ಉಸುರು ಕಟ್ಟೂಕಾಗ. ಏನನ್ನೂ ಮುಟ್ಟೂಕಾಗ."
ನನ್ನ ಕಸುಬು ಅಂತಿದ್ದ ಎರಡನ್ನೂ ಕಿತ್ತುಕೊಂಡು
ನೀರಿಗೆ ಬಿಟ್ಟ.

ಒಳಗೆ ಬೆಳಕಿತ್ತು.
ನೀರಿನ ತಳದಲ್ಲಿ ಬೆಳಕಿರುತ್ತದೆಂದು
ಐವತ್ತೆರಡು ವರ್ಷ ಯಾರೂ ಹೇಳಿರಲಿಲ್ಲ.
ಬಂಡೆಯ ಮೇಲೆ ಹವಳ, ನಮ್ಮ ರಾಗಿ ತೆನೆ,
ಹಾಗೇ ಬೆರಳು ಮಡಚಿಕೊಂಡು;
ಗಿಣಿಮೂತಿಯ ಮೀನೊಂದು ಅದನ್ನು ಕಡಿಯುವ ಸದ್ದು
ಪಕ್ಕದಲ್ಲೇ ಯಾರೋ ಕಡಲೆಪುರಿ ಅಗಿದಷ್ಟು ಹತ್ತಿರ.
ಹಳದಿ ಪಟ್ಟೆಯವು, ಹೆಸರು ಗೊತ್ತಿಲ್ಲ,
ಹೊಸ ಅಳಿಯನನ್ನು ನೋಡಲು ಬಂದ ಕೇರಿಯ ಮಕ್ಕಳು,
ಸುತ್ತಿ ನೋಡಿ ಹೋದವು.

ಆಗ ಕಂಡಿತು, ಕೆಳಗೆ, ಓರೆಯಾಗಿ,
ನಾಲ್ಕು ಕೊಕ್ಕೆಯ ಹಳೆ ಲಂಗರು.
ಪಾತಾಳಗರಡಿಯೇ!
ಎತ್ತುವುದೇ ಬಿದ್ದರೆ ಎತ್ತುವವರು ಯಾರು?
ಕೈ ತಾನಾಗಿ ಹೋಯಿತು, ನಲವತ್ತು ವರ್ಷದ ಕೈ.
ಮಾದೇವ ಮಣಿಕಟ್ಟು ಹಿಡಿದ.
ಬೆರಳು ತೋರಿಸಿದ. ಕೊಕ್ಕೆಗೆ ಹವಳ ಹತ್ತಿದೆ,
ಕಬ್ಬಿಣ ಎಲ್ಲಿ ಮುಗಿಯಿತೋ ತಿಳಿಯದು,
ಸಂದಿಯಲ್ಲಿ ಹೆಬ್ಬೆರಳುದ್ದದ ಮೀನು
ಬಾಗಿಲಿಗಡ್ಡ ನಿಂತು ನನ್ನನ್ನೇ ದುರುಗುಟ್ಟುತ್ತಿದೆ.
ಮನೆಯಿದ್ದವರ ನೋಟ ಅದು.
ಕೈ ಹಿಂದಕ್ಕೆ ತಂದೆ. ಎಲ್ಲಿಡಬೇಕೋ ತೋಚದೆ
ಎದೆಯ ಮೇಲೆ ಕಟ್ಟಿಕೊಂಡೆ.

ಪೆರೇಸಂದ್ರದ ಹತ್ತಿರ ಬೆಳಗಾಯಿತು.
ಹೊಲಗಳಲ್ಲಿ ಸೋತ ಬೋರುಗಳ ಕೇಸಿಂಗ್ ಪೈಪು,
ಒಂದು, ನಾಲ್ಕು, ಆ ದಿನ್ನೆಯಲ್ಲಿ ಏಳು.
ನೆಲ ಮೂಗು ಮೇಲೆತ್ತಿದೆ,
ಒಂದೊಂದರ ಬಾಯಿಗೂ ನಾವು ಕಲ್ಲು ಹೇರಿದ್ದೇವೆ.
ಮಕ್ಕಳು ಬಿದ್ದಾರೆಂದು. ಸರಿಯೇ.
ಆದರೂ.

"ಸಮುದ್ರದಿಂದ ಏನ್ ತಂದ್ಯೋ?" ಅಂದಳು ಅಕ್ಕಯ್ಯಮ್ಮ.
ಅಂಗೈ ಬಿಚ್ಚಿ ತೋರಿಸಿದೆ.
ಅವಳ ಅಂಗಳದಲ್ಲಿ ಗುಜರಿಯವನ ತಕ್ಕಡಿ,
ತಕ್ಕಡಿಯಲ್ಲಿ ಪಾತಾಳಗರಡಿ, ಮೂರೂವರೆ ಕಿಲೋ.
"ನೀರೇ ಇಲ್ಲ, ಇಟ್ಕೊಂಡು ಏನ್ ಮಾಡ್ಲಿ?"
ಮನೆಗೆ ಹೋಗಿ ಚೊಂಬು ತಂದು
ಅವಳ ಮುಂದೆ ಇಟ್ಟೆ.
"ಯಾವ ಬಾವಿಗೆ ಬಿತ್ತು?"
"ಇನ್ನೂ ಬಿದ್ದಿಲ್ಲ" ಅಂದೆ.